ಕೋಟೆಯ ಕಂದಕ ನೋಡಿ ಎರೆಹೊಲದಲ್ಲಿ ಹೊಂಡ ತೋಡಿಸಿದ್ದು: ಇಬ್ಬರು ಗುತ್ತಿಗೆದಾರರ ಕೆಲಸದ ವಿಮರ್ಶೆ

ಅಂಕ ಮೊದಲೇ ಹೇಳಿಬಿಡುತ್ತೇನೆ. ಭಾಲ್ಕಿ ತಾಲ್ಲೂಕಿನ ನನ್ನ ಹೊಲದಲ್ಲಿ ಕೃಷಿ ಹೊಂಡ ತೋಡಿದ ಮೊದಲನೆಯ ಗುತ್ತಿಗೆದಾರನಿಗೆ ಐದರಲ್ಲಿ ಒಂದೂವರೆ. ಆತ ತೋಡಿದ್ದು ಜರಿದು ಬಿದ್ದ ಮೇಲೆ ಬಂದು, ಮಣ್ಣು ಪರೀಕ್ಷಿಸಿ, ಇಳಿಜಾರು ತಿದ್ದಿಕೊಟ್ಟ ಕಲಬುರಗಿಯ ಇಬ್ಬರು ಹುಡುಗರಿಗೆ ನಾಲ್ಕು. ನನಗೆ ನಾನು ಎಷ್ಟು ಕೊಟ್ಟುಕೊಂಡಿದ್ದೇನೆ ಎಂದು ಕೇಳಬೇಡಿ, ಓದುತ್ತ ಹೋದರೆ ತಿಳಿಯುತ್ತದೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಮೊದಲನೆಯವನ ಅತ್ತೆಯ ಮನೆ ನಮ್ಮ ಓಣಿಯಲ್ಲೇ ಇದೆ, ದಿನವೂ ಮುಖ ನೋಡಬೇಕು. ಎರಡನೆಯವರ ಹೆಸರು ಬರೆದರೆ ಜಾಹೀರಾತು ಎನ್ನುತ್ತೀರಿ.

ನಾನು ಸಾರಿಗೆ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವನು. ಲೆಕ್ಕದಲ್ಲಿ ಗಟ್ಟಿ. ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟು, ಇಳಿಯುವಾಗ ಪೈಸೆ ಬಿಡದೆ ತೀರಿಸಿದವನು. ನಿವೃತ್ತಿಯಾದ ಮೇಲೆ ಅಪ್ಪ ಬಿಟ್ಟುಹೋದ ನಾಲ್ಕು ಎಕರೆ ಎರೆಹೊಲಕ್ಕೆ, ಅಂದರೆ ಕರಿಮಣ್ಣಿನ ಹೊಲಕ್ಕೆ, ಬಂದು ಕುಳಿತೆ. ತೊಗರಿ, ಸೋಯಾ, ಹಿಂಗಾರಿಗೆ ಕಡಲೆ. ಜೂನಿನಲ್ಲಿ ಬಿತ್ತಿ ಆಗಸ್ಟಿನಲ್ಲಿ ಆಕಾಶ ನೋಡುವುದು ಸಾಕಾಗಿ, 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ತೋಡಿಸಲು ಮನಸ್ಸು ಮಾಡಿದೆ.

ಮೊದಲನೆಯ ಗುತ್ತಿಗೆದಾರ ಬೀದರ್ ಕಡೆಯವನು. ಸ್ವಂತ ಜೆಸಿಬಿ, ಒಳ್ಳೆಯ ಮಾತು. ಮೇ ತಿಂಗಳ ಎರಡನೆಯ ವಾರ ಬಂದ. ಗಂಟೆಗೆ ಸಾವಿರದ ಇನ್ನೂರು ಎಂದ, ಒಪ್ಪಿದೆ. ಬದಿಯನ್ನು ಎಷ್ಟು ಓರೆ ಬಿಡಬೇಕು ಎಂದು ಆತ ಕೇಳಲಿಲ್ಲ. ಆತ ಕೇಳದಿದ್ದುದೇ ನನಗೂ ಬೇಕಾಗಿತ್ತು. ಬದಿ ಓರೆಯಾದಷ್ಟೂ ತಳ ಚಿಕ್ಕದು, ನೀರು ಕಡಿಮೆ. ನನ್ನ ಲೆಕ್ಕದ ಬುದ್ಧಿ ಅಲ್ಲಿ ಕೆಲಸ ಮಾಡಿತು. ಒಂದು ಅಡಿ ಇಳಿಯುವಾಗ ಅರ್ಧ ಅಡಿ ಮಾತ್ರ ಒಳಸರಿದರೆ ಹೊಂಡಕ್ಕೆ ಸುಮಾರು 1,143 ಘನ ಮೀಟರ್ ನೀರು. ಒಂದು ಅಡಿಗೆ ಒಂದೂವರೆ ಅಡಿ ಸರಿದರೆ 837. ಮೂರು ಲಕ್ಷ ಲೀಟರಿನ ವ್ಯತ್ಯಾಸ! ಯಾರು ಬಿಡುತ್ತಾರೆ? ನಾನೇ ಯಂತ್ರದ ಪಕ್ಕದಲ್ಲಿ ನಿಂತು, "ಬೀದರ್ ಕೋಟೆಯ ಕಂದಕ ನೋಡಿದ್ದೀಯಲ್ಲ, ಹಾಗೆ ನೆಟ್ಟಗೆ ಕಡಿ" ಎಂದೆ. ಆತ ನಕ್ಕು, "ಆಯಿತು ಸಾಹುಕಾರರೇ, ಕೋಟೆಯನ್ನೇ ಕಟ್ಟಿಬಿಡೋಣ" ಎಂದ.

ಈ ಮಾತು ನನ್ನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಬೀದರಿನ ಕೋಟೆಯ ದಕ್ಷಿಣಕ್ಕೆ ಮೂರು ಸಾಲಿನ ಕಂದಕವಿದೆ. ಸಾಲುಗಳ ನಡುವಿನ ಗೋಡೆಗಳನ್ನು ಯಾರೂ ಕಟ್ಟಿಲ್ಲ, ಕಡಿಯುವಾಗ ಬಂಡೆಯನ್ನೇ ಗೋಡೆಯಾಗಿ ಉಳಿಸಿದ್ದಾರೆ. ಬಹಮನಿಗಳ ಕಾಲದಿಂದ ಎಷ್ಟು ಮಳೆಗಾಲ ಕಂಡಿವೆಯೋ ಅವು, ಇಂದಿಗೂ ನೆಟ್ಟಗೆ ನಿಂತಿವೆ. ಹಳೆಯ ಊರಿನಲ್ಲಿ ನನ್ನ ಭಾವನ ಮನೆಯ ಬಾವಿಯೂ ಹಾಗೆಯೇ. ಗೋಡೆಯ ಮೇಲೆ ಕಡಿದವರ ಪಿಕಾಸಿಯ ಗುರುತು ಇನ್ನೂ ಎಣಿಸಬಹುದು. ಮೂವತ್ತೊಂದು ವರ್ಷ ಬಸ್ಸಿನ ಕಿಟಕಿಯಿಂದ ಬೀದರಿನ ಕೆಂಪು ದರೆಗಳನ್ನು ನೋಡಿದವನಿಗೆ, ಮಣ್ಣು ನೆಟ್ಟಗೆ ನಿಲ್ಲುತ್ತದೆ ಎಂಬುದು ಅನುಮಾನವೇ ಇಲ್ಲದ ಸಂಗತಿಯಾಗಿತ್ತು.

ಮೇ ತಿಂಗಳಿನಲ್ಲಿ ಎರೆಮಣ್ಣೂ ಹಾಗೆಯೇ ನಿಂತಿತು. ಯಂತ್ರದ ಹಲ್ಲು ತಾಗಿದರೆ ಠಣ್ ಎನ್ನುವಷ್ಟು ಗಟ್ಟಿ. ತೆಗೆದ ಮಣ್ಣನ್ನು ಆತ ದಂಡೆಯ ಅಂಚಿಗೇ, ಉತ್ತರ ಮತ್ತು ಪಶ್ಚಿಮದ ಬದಿಗಳಲ್ಲಿ, ಆಳೆತ್ತರ ಒಟ್ಟಿದ. ದೂರ ಸಾಗಿಸಿದರೆ ಗಂಟೆ ಹೆಚ್ಚಾಗುತ್ತದೆ ಎಂದ. ಅದಕ್ಕೂ ತಲೆಯಾಡಿಸಿದೆ. ಇಪ್ಪತ್ತೊಂಬತ್ತು ಗಂಟೆಯ ಕೆಲಸ, ಮೂವತ್ತನಾಲ್ಕು ಸಾವಿರದ ಎಂಟುನೂರು ರೂಪಾಯಿ. ಹೇಳಿದ ದಿನಕ್ಕೆ ಬಂದ, ಹೇಳಿದ ದಿನಕ್ಕೆ ಮುಗಿಸಿದ, ಲೆಕ್ಕದಲ್ಲಿ ಐದು ನಿಮಿಷವೂ ಕಳ್ಳತನವಿಲ್ಲ. ಆ ಒಂದೂವರೆಯಲ್ಲಿ ಒಂದು ಅಂಕ ಇದಕ್ಕೆ.

ಜೂನ್, ಜುಲೈ ಚೆನ್ನಾಗಿ ಹೋದವು. ಹೊಂಡ ತುಂಬಿತು. ಕರಿಮಣ್ಣು ಒದ್ದೆಯಾಗಿ ಉಬ್ಬಿದ ಮೇಲೆ ನೀರನ್ನು ಕೆಳಗೆ ಬಿಡುವುದಿಲ್ಲ, ಹಾಗಾಗಿ ಪ್ಲಾಸ್ಟಿಕ್ ಹಾಳೆಯ ಖರ್ಚೂ ಉಳಿಯಿತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಆಗಸ್ಟಿನಲ್ಲಿ ಹನ್ನೆರಡು ದಿನ ಮಳೆ ಕೈಕೊಟ್ಟಿತು. ಸೋಯಾ ಕಾಯಿ ಕಟ್ಟುವ ಹೊತ್ತು. ಪಂಪು ಹಚ್ಚಿ ಎರಡು ದಿನ ಬಿಡದೆ ನೀರು ಹಾಯಿಸಿದೆ. ಹೊಂಡದಲ್ಲಿ ನೀರು ಆಳೆತ್ತರಕ್ಕೂ ಹೆಚ್ಚು ಇಳಿಯಿತು. ಮೂರನೆಯ ದಿನ ಬೆಳಗ್ಗೆ ಹೋಗಿ ನೋಡಿದರೆ ಪೂರ್ವದ ದಂಡೆಯ ಅರ್ಧ ಹೊಂಡದೊಳಗೆ ಕುಳಿತಿತ್ತು. ಬಿದ್ದದ್ದಲ್ಲ, ಕುಳಿತದ್ದು. ಮೇಲಿನ ಹುಲ್ಲು ಹಾಗೆಯೇ ಇತ್ತು, ದನ ಮಂಡಿಯೂರಿದಂತೆ ಒಂದು ಆಳು ಕೆಳಗೆ ಸರಿದಿತ್ತು. ಆಕಾಶದಲ್ಲಿ ಮೋಡವೂ ಇರಲಿಲ್ಲ. ಮಳೆ ಇಲ್ಲದೆ ದಂಡೆ ಜರಿಯುತ್ತದೆಯೇ? ಗುತ್ತಿಗೆದಾರನಿಗೆ ಫೋನ್ ಮಾಡಿದೆ. "ಇಲಿ ಬಿಲ ಇರಬೇಕು" ಎಂದ.

ಸೆಪ್ಟೆಂಬರಿನಲ್ಲಿ ಉತ್ತರಿ ಮಳೆ ಹಿಡಿಯಿತು. ಮೂರು ದಿನ ಜಡಿ. ಈ ಸಲ ಮಣ್ಣು ಒಟ್ಟಿದ್ದ ಉತ್ತರದ ದಂಡೆ ಪೂರ್ತಿ ಹೋಯಿತು. ಆಗಸ್ಟಿನಲ್ಲಿ ಅಂಚಿನಿಂದ ಒಂದು ಮಾರು ದೂರದಲ್ಲಿ, ಅಂಚಿಗೆ ಸಮನಾಗಿ, ಕೈ ತೂರುವಷ್ಟು ಅಗಲದ ಬಿರುಕು ಇತ್ತು. ಎರೆಯಲ್ಲಿ ಬಿರುಕು ಯಾರಿಗೆ ಹೊಸದು ಎಂದು ಸುಮ್ಮನಿದ್ದೆ. ಸರಿಯಾಗಿ ಆ ಗೆರೆಯಿಂದಲೇ ಕತ್ತರಿಸಿಕೊಂಡು, ಮೇಲಿನ ಮಣ್ಣಿನ ಗುಡ್ಡೆ, ಅದರ ಪಕ್ಕದ ಜಾಲಿಮರ, ಪಂಪಿನ ಪೈಪು, ಎಲ್ಲವೂ ಒಳಗೆ. ಪಕ್ಕದ ಹೊಲದವರ ಮೇಕೆಯೊಂದು ಜೊತೆಗೆ ಜಾರಿತ್ತು, ಜೀವಸಹಿತ ಎಳೆದೆವು. ಈ ಬಾರಿ ಗುತ್ತಿಗೆದಾರ ಹೇಳಿದ್ದು, "ಮಳೆ ಹೆಚ್ಚಾಯಿತು, ನಾನೇನು ಮಾಡಲಿ?" ಬೀದರಿನಲ್ಲೂ ಅದೇ ಮೂರು ದಿನ ಅದೇ ಮಳೆ ಬಂದಿತ್ತು. ಭಾವನಿಗೆ ಫೋನ್ ಮಾಡಿ ಬಾವಿ ಹೇಗಿದೆ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಇನ್ನು ಎರಡನೆಯವರ ಮಾತು. ಕಲಬುರಗಿಯಲ್ಲಿ ಸಿವಿಲ್ ಓದಿದ ಇಬ್ಬರು, ಮಣ್ಣು ಪರೀಕ್ಷೆಯ ಸಣ್ಣ ಪ್ರಯೋಗಾಲಯ ಇಟ್ಟುಕೊಂಡು ಹೊಂಡ, ಬದು, ಅಡಿಪಾಯದ ಕೆಲಸ ಹಿಡಿಯುತ್ತಾರೆ. ನವೆಂಬರಿನಲ್ಲಿ ಬರುತ್ತೇವೆ ಎಂದವರು ಐದು ವಾರ ತಡವಾಗಿ, ಎಳ್ಳಮಾವಾಸ್ಯೆಯ ದಿನ ಬಂದರು. ಹೊಲದಲ್ಲಿ ನೆಂಟರೆಲ್ಲ ಸೇರಿದ್ದರು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಂಡೇ ಕೆಲಸಕ್ಕಿಳಿದರು. ತಡವಾಗಿ ಬಂದದ್ದಕ್ಕೆ ಕಾಲು ಅಂಕ ಕಳೆದಿದ್ದೇನೆ. ಊಟದ ದಿನ ನೋಡಿಕೊಂಡು ಬಂದರೆಂದು ನನ್ನ ಹೆಂಡತಿಯ ಅನುಮಾನ, ಅದಕ್ಕೆ ಕಳೆದಿಲ್ಲ.

ಅವರು ಮೊದಲು ಹೊಂಡವನ್ನೇ ನೋಡಲಿಲ್ಲ. ಬೇಲಿಯ ಕಂಬಗಳು ಯಾವ ಕಡೆ ವಾಲಿವೆ, ಹೊಲದ ಕೋಣೆಯ ಗೋಡೆ ಎಲ್ಲಿ ಸೀಳಿದೆ ಎಂದು ನೋಡಿದರು. ಒಬ್ಬ ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಶಾವಿಗೆಯಂತೆ ಎಳೆದ. ಅದು ತುಂಡಾಗದೆ ಉದ್ದವಾಗುತ್ತಲೇ ಹೋಯಿತು. ಜಿಗುಟು ಹೆಚ್ಚಿದ್ದಷ್ಟೂ ಮಣ್ಣು ನೀರಿಗೆ ಹೆಚ್ಚು ಮನಸ್ಸು ಬದಲಿಸುತ್ತದೆ ಎಂದ. ಮಣ್ಣನ್ನು ಮೂರು ಆಳಗಳಿಂದ ಚೀಲಕ್ಕೆ ತುಂಬಿಕೊಂಡು ಹೋದರು. ನಾನು ಹಟ ಹಿಡಿದು ಭಾವನ ಹಿತ್ತಲಿನ ಕೆಂಪು ಮಣ್ಣನ್ನೂ ಒಂದು ಡಬ್ಬಿ ಕೊಟ್ಟು ಕಳಿಸಿದೆ. ಅದರ ಹಣ ಬೇರೆ ತೆಗೆದುಕೊಳ್ಳಲಿಲ್ಲ.

ವಾರದ ಮೇಲೆ ನಾನೇ ಕಲಬುರಗಿಗೆ ಹೋಗಿ ಪ್ರಯೋಗಾಲಯ ನೋಡಿದೆ. ಈ ವಿಮರ್ಶೆ ಬರೆಯಲು ಕೂತದ್ದೇ ಅಲ್ಲಿ ಕಂಡದ್ದಕ್ಕಾಗಿ. ಒಣಗಿಸಿ, 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಹತ್ತು ಹತ್ತು ಗ್ರಾಂ ಮಣ್ಣನ್ನು ಎರಡು ಗಾಜಿನ ಅಳತೆ ಕೊಳವೆಗೆ ಹಾಕುತ್ತಾರೆ. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಬಟ್ಟಿಯಿಳಿಸಿದ ನೀರು. ಇಪ್ಪತ್ತನಾಲ್ಕು ಗಂಟೆ ಬಿಡುತ್ತಾರೆ. ಅಷ್ಟೇ ಪರೀಕ್ಷೆ. ಸೀಮೆಎಣ್ಣೆಯನ್ನು ಈ ಜೇಡಿ ಹೀರುವುದಿಲ್ಲ, ಹಾಗಾಗಿ ಅಲ್ಲಿ ಮಣ್ಣು ಇದ್ದಷ್ಟೇ ಇರುತ್ತದೆ. ನನ್ನ ಹೊಲದ ಮಣ್ಣು ಸೀಮೆಎಣ್ಣೆಯಲ್ಲಿ 10 ಮಿಲಿಲೀಟರಿನ ಗೆರೆಯಲ್ಲಿ ನಿಂತಿತ್ತು. ನೀರಿನಲ್ಲಿ 21. ಅಂದರೆ ನೂರಕ್ಕೆ ನೂರಾ ಹತ್ತರಷ್ಟು ಉಬ್ಬು. ಭಾವನ ಮಣ್ಣು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿತ್ತು. ಒಂದೇ ಜಿಲ್ಲೆ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಾನು ಆ ನಾಲ್ಕು ಕೊಳವೆಗಳ ಮುಂದೆ ಬಹಳ ಹೊತ್ತು ನಿಂತಿದ್ದೆ. ಹುಡುಗ ಚಹಾ ತರಿಸಿದ.

ಆಮೇಲೆ ಆತ ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಬೀದರಿನ ದಿಬ್ಬ ಜಂಬಿಟ್ಟಿಗೆಯದು. ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳು ಗಾರೆಯಂತೆ ಕಣಗಳನ್ನು ಹಿಡಿದಿವೆ. ನೆಲದೊಳಗಿರುವಾಗ ಮೆತ್ತಗೆ, ಕಡಿದು ಗಾಳಿಗೆ ಒಡ್ಡಿದರೆ ಗಟ್ಟಿ. ಮೈತುಂಬ ರಂಧ್ರ, ಆದ್ದರಿಂದ ಬಿದ್ದ ಮಳೆ ಒಳಗೆ ನಿಲ್ಲದೆ ಕೆಳಗಿಳಿದು, ತಳದ ಬಿಗಿ ಪದರ ಸಿಕ್ಕಲ್ಲಿ ಪಕ್ಕಕ್ಕೆ ಒಸರುತ್ತದೆ. ನಾನಕ್ ಝೀರಾದ ಬುಗ್ಗೆ, ನೌಬಾದಿನಲ್ಲಿ ನೆಲದಡಿಯ ನೀರು ಹರಿಸಲು ಕೊರೆದ ಕರೇಜ್ ಸುರಂಗ, ಇವೆಲ್ಲ ಆ ಒಸರಿನ ಮೇಲೆ ಬದುಕಿದವು. ನೀರು ಒಳಗೆ ತಂಗದಿದ್ದರೆ ಗೋಡೆಯನ್ನು ತಳ್ಳುವವರು ಯಾರು? ಹಾಗೆಂದು ಜಂಬಿಟ್ಟಿಗೆ ಎಲ್ಲಿ ಬೇಕಾದರೂ ನಿಲ್ಲುತ್ತದೆ ಎಂದಲ್ಲ. ಬುಡದಲ್ಲಿ ಮೆತ್ತನೆಯ ಜೇಡಿ ಇದ್ದು ಅದು ಕೊಚ್ಚಿಹೋದರೆ ಮೇಲಿನ ಕಲ್ಲು ದೊಡ್ಡ ದೊಡ್ಡ ತುಂಡಾಗಿ ಉರುಳುತ್ತದೆ.

ನಮ್ಮ ಎರೆ ದಖನ್ನಿನ ಕಪ್ಪು ಬಸಾಲ್ಟ್ ಕಲ್ಲು ಶಿಥಿಲವಾಗಿ ಆದದ್ದು. ಒಣಗಿದಾಗ ಅದರ ಗಟ್ಟಿತನ ಕಲ್ಲಿನದಲ್ಲ. ಕಣಗಳ ನಡುವೆ ಉಳಿದ ತುಸುವೇ ತೇವ ಅವನ್ನು ಒಂದಕ್ಕೊಂದು ಬಿಗಿದು ಎಳೆದಿರುತ್ತದೆ, ಅಷ್ಟೆ. ಜೋಳದ ಹಿಟ್ಟಿಗೆ ಹದವಾಗಿ ನೀರು ಬಿದ್ದರೆ ರೊಟ್ಟಿ ತಟ್ಟಬಹುದು, ಇನ್ನೊಂದು ಲೋಟ ಸುರಿದರೆ ಅಂಬಲಿ. ಮೇ ತಿಂಗಳಿನಲ್ಲಿ ನಾನು ನೋಡಿ ನಂಬಿದ್ದು ಆ ಹದವನ್ನು. ಬೇಸಿಗೆಯಲ್ಲಿ ಬಿರಿದ ಬಿರುಕುಗಳು ಮಳೆ ನೀರಿಗೆ ನೇರವಾದ ಬಾಗಿಲು. ಅಂಚಿನ ಬಿರುಕು ನೀರು ತುಂಬಿಕೊಂಡರೆ ಆ ನೀರೇ ದಂಡೆಯನ್ನು ಹೊಂಡದ ಕಡೆಗೆ ದೂಡುತ್ತದೆ. ಒಂದು ಮೀಟರ್ ಆಳದ ಬಿರುಕಾದರೆ ದಂಡೆಯ ಉದ್ದದ ಪ್ರತಿ ಮೀಟರಿಗೂ ಸುಮಾರು ಐನೂರು ಕಿಲೋ ತಳ್ಳು. ಎರಡು ಮೀಟರ್ ಆಳವಾದರೆ ಸಾವಿರವಲ್ಲ, ಎರಡು ಸಾವಿರ. ಇದನ್ನು ಆತ ಚಹಾದ ರಸೀದಿಯ ಹಿಂದೆ ಬರೆದು ತೋರಿಸಿದ. ಇಂಥ ಲೆಕ್ಕ ನನಗೆ ಒಂದೇ ಸಲಕ್ಕೆ ಹತ್ತುತ್ತದೆ. ಅದರ ಮೇಲೆ ಆಳೆತ್ತರದ ಮಣ್ಣಿನ ಗುಡ್ಡೆಯ ಭಾರ ಬೇರೆ, ಅದೂ ಮಳೆ ಕುಡಿದು ಭಾರವಾದದ್ದು.

ಮಳೆ ಇಲ್ಲದೆ ಪೂರ್ವದ ದಂಡೆ ಕುಳಿತದ್ದೇಕೆ ಎಂದು ಕೇಳಿದೆ. "ಕಾಕಾ, ಅದನ್ನು ಬೀಳಿಸಿದ್ದು ನಿಮ್ಮ ಪಂಪು" ಎಂದ. ಹೊಂಡ ತುಂಬಿದ್ದಾಗ ಒಳಗಿನ ನೀರು ದಂಡೆಗೆ ಎದೆ ಕೊಟ್ಟು ನಿಂತಿರುತ್ತದೆ. ಎರಡು ದಿನದಲ್ಲಿ ಆ ನೀರನ್ನು ತೆಗೆದುಬಿಟ್ಟರೆ ಆಸರೆ ಹೋಯಿತು. ಆದರೆ ದಂಡೆಯ ಮೈಯೊಳಗೆ ಹೊಕ್ಕ ನೀರು ಅಷ್ಟು ಬೇಗ ಹೊರಬರುವುದಿಲ್ಲ, ಎರೆಯ ಗುಣವೇ ಅದು. ತೊಯ್ದು ಭಾರವಾದ, ಒಳಗಿನಿಂದ ಒತ್ತಿಸಿಕೊಳ್ಳುತ್ತಿರುವ ದಂಡೆ ಆಸರೆಯಿಲ್ಲದೆ ನಿಲ್ಲಬೇಕು. ದೊಡ್ಡ ಅಣೆಕಟ್ಟುಗಳ ಮಣ್ಣಿನ ಏರಿಯನ್ನು ಲೆಕ್ಕ ಹಾಕುವಾಗಲೂ ಇದನ್ನೇ ಮುಖ್ಯವಾಗಿ ನೋಡುತ್ತಾರಂತೆ. ಇಲಿಗಳ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಇನ್ನೊಂದು ಪ್ರಶ್ನೆ ನನ್ನ ಮಗನದು, ಆತ ಕಾರವಾರದಲ್ಲಿ ಕೆಲಸದಲ್ಲಿದ್ದಾನೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಮನೆಮಂದಿಯೆಲ್ಲ ನಡುಗಿದ್ದೆವು. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ, ನಮ್ಮಲ್ಲಿ 850ರಿಂದ 900ರ ಆಸುಪಾಸು. ಇಷ್ಟು ಕಡಿಮೆ ಮಳೆಯಲ್ಲೂ ಬೀಳುತ್ತದೆಯೇ ಎಂಬುದು ಅವನ ಕೇಳಿಕೆ. ಹುಡುಗನ ಉತ್ತರ ನನಗೆ ಹಿಡಿಸಿತು: ವರ್ಷದ ಮೊತ್ತವನ್ನು ನೋಡಬೇಡಿ, ಯಾವ ಮಣ್ಣಿನ ಮೇಲೆ, ಎಷ್ಟು ದಿನ ಬಿಡದೆ, ಮೊದಲೇ ಎಷ್ಟು ನೆನೆದಿರುವಾಗ ಬಿತ್ತು ಎಂಬುದನ್ನು ನೋಡಿ. ಮರಳು ಬೆರೆತ ಸಡಿಲ ಮಣ್ಣಿಗೆ ಒಂದೆರಡು ಗಂಟೆಯ ಬಿರುಮಳೆಯೇ ಸಾಕು. ಉಬ್ಬಿ ಬಿರುಕು ಮುಚ್ಚಿಕೊಂಡ ಎರೆಯ ಮೇಲೆ ಅಂಥ ಮಳೆ ಹೆಚ್ಚಾಗಿ ಹರಿದೇ ಹೋಗುತ್ತದೆ. ಅದನ್ನು ಕೆಡಿಸುವುದು ದಿನಗಟ್ಟಲೆ ಹಿಡಿಯುವ ಜಡಿ, ಇಲ್ಲವೇ ಬಾಯಿಬಿಟ್ಟ ಬಿರುಕಿಗೆ ನೇರ ಇಳಿಯುವ ಮಳೆ. ಎಕರೆಯ ಮೇಲೆ 25 ಮಿಲಿಮೀಟರ್ ಬಿದ್ದರೆ ಒಂದು ಲಕ್ಷ ಲೀಟರ್ ನೀರು. ನನ್ನ ಹೊಲದ ಇಳಿಜಾರಿನ ಆ ನೀರೆಲ್ಲ ದಾರಿಯಿಲ್ಲದೆ ಉತ್ತರದ ಅಂಚಿನ ಮೇಲೆ ಹಾದು ಹೊಂಡಕ್ಕೆ ಬೀಳುತ್ತಿತ್ತು. ಹೊಂಡಕ್ಕೆ ಬಾಗಿಲೇ ಇಟ್ಟಿರಲಿಲ್ಲ ನಾವು.

ಕೆಲಸ ಫೆಬ್ರುವರಿಯಲ್ಲಿ ನಡೆಯಿತು. ಇವರು ಗಂಟೆಯ ಲೆಕ್ಕ ಹಿಡಿಯುವುದಿಲ್ಲ, ತೆಗೆದ ಮಣ್ಣಿನ ಘನ ಮೀಟರಿನ ಲೆಕ್ಕ. ಜರಿದ ಮಣ್ಣನ್ನು ಎತ್ತಿ, ಮೇಲ್ಬಾಯಿಯನ್ನು 24 ಮೀಟರ್ ಚೌಕಕ್ಕೆ ಹಿಗ್ಗಿಸಿ, ಬದಿಗಳನ್ನು ಒಂದು ಅಡಿ ಇಳಿತಕ್ಕೆ ಎರಡು ಅಡಿ ಓರೆ ಮಾಡಿದರು. ತಳ 12 ಮೀಟರ್ ಚೌಕ, ಹಿಡಿಯುವ ನೀರು ಸುಮಾರು 1,008 ಘನ ಮೀಟರ್. ಹಳೆಯದಕ್ಕಿಂತ 135 ಘನ ಮೀಟರ್ ಕಡಿಮೆ, ನೆಲ ಮಾತ್ರ ಒಂದೂಕಾಲು ಗುಂಟೆಗಿಂತ ತುಸು ಹೆಚ್ಚು ಹೋಯಿತು. ಇದನ್ನು ಅವರು ಕೆಲಸ ಹಿಡಿಯುವ ಮೊದಲೇ ಕಾಗದದ ಮೇಲೆ ಬರೆದು ಸಹಿ ಮಾಡಿಸಿಕೊಂಡರು. ಕೊಡುವುದನ್ನು ಎಲ್ಲರೂ ಹೇಳುತ್ತಾರೆ, ಕಳೆದುಕೊಳ್ಳುವುದನ್ನು ಹೇಳಿದ ಗುತ್ತಿಗೆದಾರರನ್ನು ನಾನು ನೋಡಿದ್ದು ಇದೇ ಮೊದಲು. ತೆಗೆದ ಮಣ್ಣನ್ನು ಅಂಚಿನಿಂದ ಮೂರು ಮೀಟರ್ ಆಚೆ ಬದುವಾಗಿ ಹಾಕಿದರು. ಮೇಲಿನಿಂದ ಬರುವ ನೀರಿಗೆ ಸುತ್ತು ಕಾಲುವೆ, ಹೂಳು ನಿಲ್ಲಲು ಸಣ್ಣ ಗುಂಡಿ, ಅಲ್ಲಿಂದ ಕಲ್ಲು ಹಾಸಿದ ಒಂದೇ ಬಾಗಿಲಿನಿಂದ ಒಳಕ್ಕೆ. ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಹಗ್ಗಕ್ಕೆ ಹಳೆಯ ಟೈರುಗಳನ್ನು ಕಟ್ಟಿದರು. ಬೇಲಿಗೆ ದುಡ್ಡು ದಂಡ ಎಂದು ಗೊಣಗಿದೆ. ಮೇಕೆಯನ್ನು ನೆನಪಿಸಿದರು, ಸುಮ್ಮನಾದೆ.

ಅವರು ಎಡವಟ್ಟು ಮಾಡಿಕೊಂಡದ್ದು ನೆಟ್ಟ ಲಾವಂಚದ ಹುಲ್ಲಿನಲ್ಲಿ. ಅದರ ಬೇರು ಎರಡು ಮೂರು ಮೀಟರ್ ನೇರ ಕೆಳಗಿಳಿದು ಮಣ್ಣನ್ನು ಹೊಲಿಯುತ್ತದೆ ಎಂಬುದು ನಿಜ. ಗುಂಡ್ಲುಪೇಟೆ ಕಡೆಯ ರೈತರು ಹಿಂದಿನಿಂದಲೂ ಬದುವಿಗೆ ಅದನ್ನೇ ನೆಡುತ್ತಾರೆ. ಆದರೆ ಫೆಬ್ರುವರಿಯಲ್ಲಿ ನೆಟ್ಟು ಹೋದರೆ ಬೀದರ್ ಜಿಲ್ಲೆಯ ಏಪ್ರಿಲ್ ಏನನ್ನು ಬಿಡುತ್ತದೆ? ಅರ್ಧಕ್ಕಿಂತ ಹೆಚ್ಚು ಕಂತೆಗಳು ಒಣಗಿದವು. ಜೂನಿನಲ್ಲಿ ನಾನೇ ಮತ್ತೆ ನೆಟ್ಟೆ, ಗೇಣಿಗಿಂತ ಹತ್ತಿರ ಹತ್ತಿರ. ಈಗ ಮೊಣಕಾಲೆತ್ತರ ಬಂದಿದೆ. ಇದಕ್ಕೆ ಅರ್ಧ ಅಂಕ ಕಳೆದಿದ್ದೇನೆ. ಉಳಿದ ಕಾಲು ಅಂಕ ವರದಿಗೆ. ಒಂಬತ್ತು ಪುಟ, ಅಚ್ಚುಕಟ್ಟಾದ ನಕ್ಷೆ, ಎಲ್ಲವೂ ಇಂಗ್ಲಿಷಿನಲ್ಲಿ. ಬಾಯಲ್ಲಿ ಅಷ್ಟು ಚಂದದ ಕನ್ನಡದಲ್ಲಿ ಹೇಳಿದವರಿಗೆ ಬರೆಯಲು ಏನು ಅಡ್ಡಿ?

ಈ ಮಳೆಗಾಲ ಹೊಂಡಕ್ಕೆ ಪರೀಕ್ಷೆಯಾಯಿತು. ಮಘಾ ಮಳೆಯಲ್ಲಿ ತುಂಬಿತು, ಹುಬ್ಬೆಯಲ್ಲಿ ಬಿಡುವು ಕೊಟ್ಟಿತು, ಪಂಪು ಹಚ್ಚಿದೆ. ದಿನಕ್ಕೆ ಒಂದು ಅಡಿಗಿಂತ ಹೆಚ್ಚು ಇಳಿಸಬೇಡಿ ಎಂದಿದ್ದರು. ಬಣ್ಣ ಹೊಡೆದ ಬಿದಿರಿನ ಗಳ ನೆಟ್ಟು ಅದನ್ನೇ ಪಾಲಿಸಿದೆ. ಉತ್ತರಿ, ಹಸ್ತ ಎರಡೂ ಜೋರಾಗಿಯೇ ಬಂದವು. ಪಂಪಿನ ಪೈಪು ಸೋರುತ್ತಿದ್ದ ಮೂಲೆಯಲ್ಲಿ ಎರಡು ಬುಟ್ಟಿಯಷ್ಟು ಮಣ್ಣು ಜಾರಿದ್ದು ಬಿಟ್ಟರೆ ಬದಿಗಳು ಹಾಗೆಯೇ ಇವೆ. ಆ ಸೋರಿಕೆ ನನ್ನದೇ ತಪ್ಪು, ವಾಷರ್ ಬದಲಿಸಿದ್ದೇನೆ. ಬೇಸಿಗೆಯ ಬಿರುಕುಗಳನ್ನು ಮಳೆಗೆ ಮುಂಚೆ ಮಣ್ಣು ತುಂಬಿ ತುಳಿಯಬೇಕು ಎಂದೂ ಹೇಳಿದ್ದಾರೆ. ಮುಂದಿನ ಮೇ ತಿಂಗಳಿಗೆ ಆ ಕೆಲಸವಿದೆ.

ಮೊದಲನೆಯ ಗುತ್ತಿಗೆದಾರ ದೀಪಾವಳಿಗೆ ಅತ್ತೆಯ ಮನೆಗೆ ಬಂದಿದ್ದಾಗ ಹೊಂಡ ನೋಡಲು ಬಂದ. ಸುತ್ತ ಒಂದು ಸುತ್ತು ಹಾಕಿ, "ಇಷ್ಟು ಓರೆ ಮಾಡಿಸಿದ್ದರೆ ನಾನೂ ಮಾಡುತ್ತಿದ್ದೆ, ನೀವು ಕೋಟೆ ಕೇಳಿದಿರಿ" ಎಂದ. ಅದು ಸುಳ್ಳಲ್ಲ. ಅದಕ್ಕೇ ಒಂದರ ಮೇಲೆ ಅರ್ಧ ಸೇರಿಸಿದ್ದು.

ಕಲಬುರಗಿಯವರಿಗೆ ಎರಡು ಸಾವಿರ ರೂಪಾಯಿ ಬಾಕಿ ಉಳಿಸಿಕೊಂಡಿದ್ದೇನೆ. ವರದಿ ಕನ್ನಡದಲ್ಲಿ ಬಂದ ದಿನ ಕೊಡುತ್ತೇನೆ ಎಂದು, ಅವರದೇ ವರದಿಯ ಕೊನೆಯ ಪುಟದ ಹಿಂದೆ ಬಾಕಿ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಇನ್ನೂ ಇಳಿಯುವ ನಿಲ್ದಾಣ ಬಂದಿಲ್ಲ.